ಹಳೇ ಐರಿಸ್ ಗೆಡ್ಡೆ ಕೊಳ್ಳುವ ಮುಂಚೆ: ಫೋಟೋ ಬಿಡಿ, ಹುಟ್ಟೂರು ನೋಡಿ

ಐರಿಸ್ ಕೊಳ್ಳುವವರು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಕ್ಯಾಟಲಾಗ್ ತೆರೆಯುತ್ತಾರೆ, ಫೋಟೋ ನೋಡುತ್ತಾರೆ, ಬಣ್ಣ ಹಿಡಿಸಿದರೆ ಆರ್ಡರ್ ಹಾಕುತ್ತಾರೆ. ಹಳೇ ತಳಿಗಳಿಗೆ ಈ ದಾರಿ ಸರಿಹೋಗುವುದಿಲ್ಲ. ಫೋಟೋದಲ್ಲಿ ಒಂದೇ ಥರ ಕಾಣುವ ಎರಡು ಬಿಳಿ ಐರಿಸ್‌ಗಳಲ್ಲಿ ಒಂದು ಟೆಕ್ಸಾಸ್‌ನ ಬಿಸಿಲಲ್ಲಿ ಹಾಯಾಗಿ ಬೆಳೆಯುತ್ತದೆ, ಇನ್ನೊಂದಕ್ಕೆ ಒಳ್ಳೆ ಚಳಿಗಾಲವೇ ಬೇಕು. ಆ ವ್ಯತ್ಯಾಸ ಬಂದಿದ್ದು ಅವುಗಳ ಮೂಲದಿಂದ.

ತೋಟದ ಗಡ್ಡದ ಐರಿಸ್ ಒಂದೇ ನಾಡಿನ ಗಿಡ ಅಲ್ಲ. ಇವತ್ತಿನ ಕ್ರೊಯೇಷಿಯಾದ ಕರಾವಳಿಯ ಬಂಡೆಗಳಿಂದ ಒಂದು, ಹಂಗರಿ ಕಡೆಯ ಹುಲ್ಲುಗಾವಲಿನಿಂದ ಇನ್ನೊಂದು, ಅರೇಬಿಯಾದಿಂದ, ಟರ್ಕಿಯಿಂದ, ಕಾಶ್ಮೀರದಿಂದ ಮತ್ತೆ ಕೆಲವು. ಹೀಗೆ ಬೇರೆ ಬೇರೆ ಕಾಲಕ್ಕೆ ಯುರೋಪಿನ ತೋಟಗಳಿಗೆ ಬಂದು ಬೆರೆತವು. ಯಾವ ಕಡೆಯ ರಕ್ತ ಜಾಸ್ತಿ ಇದೆಯೋ ಆ ಕಡೆಯ ಹವೆಯನ್ನೇ ಗಿಡ ಕೇಳುತ್ತದೆ. ಹಾಗಾಗಿ ತಳಿಯ ಹೆಸರಿನ ಪಕ್ಕ ಇರುವ ವರ್ಷ, ಅದನ್ನು ಬೆಳೆಸಿದವರ ಹೆಸರು, ಇವೆರಡೂ ಸುಮ್ನೆ ಅಲಂಕಾರಕ್ಕೆ ಹಾಕಿದ್ದಲ್ಲ. ಓದಲು ಗೊತ್ತಿದ್ದರೆ ನಿಮಗೆ ಬೇಕಾದ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇದನ್ನು ಮುಖ್ಯವಾಗಿ ಅಮೆರಿಕ, ಬ್ರಿಟನ್, ಯುರೋಪ್ ಕಡೆ ಮನೆ ಮಾಡಿಕೊಂಡು ಹಿತ್ತಲಲ್ಲಿ ಏನಾದರೂ ನೆಡಬೇಕು ಅಂದುಕೊಂಡಿರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರಿನವರಿಗೂ ಮುಂದೆ ಒಂದೆರಡು ಮಾತು ಇದೆ.

ಹಳೇದು ಅಂದರೆ ಎಷ್ಟು ಹಳೇದು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಹಿಸ್ಟಾರಿಕ್ ಐರಿಸ್ ಪ್ರಿಸರ್ವೇಶನ್ ಸೊಸೈಟಿಯವರ ಲೆಕ್ಕದಲ್ಲಿ ಮಾರುಕಟ್ಟೆಗೆ ಬಂದು 30 ವರ್ಷ ಆಗಿದ್ದರೆ ಅದು ಹಳೇ ತಳಿ. ಅಂದರೆ 1990ರ ಸುಮಾರಿನ ಹೂವೂ ಈ ಪಟ್ಟಿಗೆ ಸೇರುತ್ತದೆ. ನಾನಿಲ್ಲಿ ಹೇಳುತ್ತಿರುವುದು ಅದಕ್ಕಿಂತ ತುಂಬಾ ಹಿಂದಿನವು, ಹೆಚ್ಚುಕಡಿಮೆ 1940ಕ್ಕೆ ಮುಂಚಿನವು. ಸೊಗಸು ಇರುವುದೂ ಅಲ್ಲಿ, ಜನ ಎಡವುವುದೂ ಅಲ್ಲೇ.

ಗಿಡವನ್ನು ಕೈಯಲ್ಲಿ ಹಿಡಿದು ನೋಡಿಲ್ಲದವರಿಗೆ ಎರಡು ಮಾತು. ನೆಲದಲ್ಲಿ ಇರುವುದು ಶುಂಠಿಯಂತೆ ಅಡ್ಡಡ್ಡ ಹಬ್ಬುವ ಗೆಡ್ಡೆ. ಅದರ ಬೆನ್ನು ನೆಲದ ಮೇಲೆ ಬಿಸಿಲಿಗೆ ಕಾಣುತ್ತಿರಬೇಕು, ಕೆಳಗಡೆಯಿಂದ ಬೇರು ಇಳಿಯುತ್ತದೆ. ತುದಿಯಿಂದ ಕತ್ತಿಯಂಥ ಎಲೆಗಳು ಬೀಸಣಿಗೆ ಆಕಾರದಲ್ಲಿ ಏಳುತ್ತವೆ. ಒಮ್ಮೆ ಹೂ ಬಿಟ್ಟ ತುದಿ ಮತ್ತೆ ಹೂ ಬಿಡುವುದಿಲ್ಲ, ಪಕ್ಕದಲ್ಲಿ ಒಡೆದ ಹೊಸ ಕವಲು ಮುಂದಿನ ವರ್ಷದ ಹೂ ಕೊಡುತ್ತದೆ. ಹೂವಿನಲ್ಲಿ ಮೂರು ದಳ ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಗೆ ಇಳಿಬಿದ್ದಿರುತ್ತವೆ. ಇಳಿಬಿದ್ದ ದಳದ ಬುಡದಲ್ಲಿ ಕಂಬಳಿಹುಳದ ಕೂದಲಿನಂಥ ಒಂದು ಸಾಲು ಇರುತ್ತದೆ. ಅದೇ ಗಡ್ಡ.

ಹೆಸರಿಟ್ಟು ಮಾರುವ ಮುಂಚಿನ ಕಾಲದವು

ಐರಿಸ್ ಅನ್ನು ಮನುಷ್ಯ ಹೊತ್ತು ತಂದ ಕಥೆ ತುಂಬಾ ಹಳೆಯದು. ಈಜಿಪ್ಟಿನ ಕಾರ್ನಾಕ್ ದೇವಾಲಯದಲ್ಲಿ ಮೂರನೇ ಥಟ್ಮೋಸ್ ಅನ್ನುವ ರಾಜ ತನ್ನ ಸಿರಿಯಾ ದಂಡಯಾತ್ರೆಯಲ್ಲಿ ಕಂಡ ಗಿಡಮರಗಳನ್ನು ಗೋಡೆಯ ಮೇಲೆ ಕೆತ್ತಿಸಿದ್ದಾನೆ. ಅದು ಕ್ರಿಸ್ತಪೂರ್ವ 15ನೇ ಶತಮಾನ. ಆ ಸಾಲಿನಲ್ಲಿ ಐರಿಸ್ ಕೂಡ ಇದೆ. ಯುರೋಪಿಗೆ ಬಂದರೆ 9ನೇ ಶತಮಾನದಲ್ಲಿ ರೈಖೆನೌ ಮಠದ ವಾಲಾಫ್ರಿಡ್ ಸ್ಟ್ರಾಬೊ ಅನ್ನುವ ಸನ್ಯಾಸಿ ತನ್ನ ಕೈತೋಟದ ಗಿಡಗಳ ಮೇಲೆ ಪದ್ಯ ಬರೆದ, ಅದರಲ್ಲೂ ಐರಿಸ್ ಬರುತ್ತದೆ. ಅವನಿಗೆ ಹೂವಿನ ಚೆಲುವಿನಷ್ಟೇ ಗೆಡ್ಡೆಯೂ ಮುಖ್ಯವಾಗಿತ್ತು. ನೋವಿಗೆ ಮದ್ದು, ಬಟ್ಟೆಗೆ ಗಂಜಿ, ಅದರ ಜೊತೆಗೇ ಪರಿಮಳ.

ಈ ಕಾಲದಿಂದ ಉಳಿದು ಬಂದ, ಇವತ್ತಿಗೂ ಕೊಳ್ಳಲು ಸಿಗುವ ಗಿಡಗಳಲ್ಲಿ ನಾನು ಮೊದಲು ಕೈ ತೋರಿಸುವುದು ಐರಿಸ್ ಪಾಲಿಡಾ ಕಡೆಗೆ. ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯ ಸುಣ್ಣಕಲ್ಲಿನ ಇಳಿಜಾರು ಇದರ ಊರು. 'ಡಾಲ್ಮಾಟಿಕಾ' ಹೆಸರಿನಲ್ಲಿ ಸಿಗುವ ತಳಿ ನೂರಾರು ವರ್ಷಗಳಿಂದ ತೋಟಗಳಲ್ಲಿದೆ. ತಿಳಿ ನೇರಳೆ ಹೂ, ಬೂದಿ ಬಳಿದಂಥ ನೀಲಿಹಸಿರು ಎಲೆ. ಪರಿಮಳ ಕಪ್ಪು ದ್ರಾಕ್ಷಿಯನ್ನು ನೆನಪಿಸುತ್ತದೆ. ಎಲೆ ಬೇಸಿಗೆ ಪೂರ್ತಿ ಚೆನ್ನಾಗಿರುತ್ತದೆ, ಇದು ಐರಿಸ್‌ಗಳಲ್ಲಿ ದೊಡ್ಡ ಗುಣ. ಹೂ ಹೋದ ಮೇಲೆ ಬೇರೆ ತಳಿಗಳ ಎಲೆ ಕಂದು ಚುಕ್ಕೆ ಬಿದ್ದು ಸೊರಗುತ್ತದೆ ಅಲ್ವಾ, ಇದು ಹಾಗೆ ಸುಲಭಕ್ಕೆ ಸೊರಗುವುದಿಲ್ಲ. ಇದನ್ನು ಗುರುತಿಸುವುದೂ ಸುಲಭ. ಹೂ ಅರಳುವ ಹೊತ್ತಿಗೆ ಮೊಗ್ಗಿನ ಹೊದಿಕೆ ಪೂರ್ತಿ ಒಣಗಿ ಬೆಳ್ಳಿ ಬಣ್ಣದ ತೆಳು ಕಾಗದದಂತೆ ಆಗಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಸರಸರ ಅನ್ನುತ್ತದೆ. ಹಸಿರಾಗಿದ್ದರೆ ಅಪ್ಪಟ ಪಾಲಿಡಾ ಅಲ್ಲ. ಅಂಗಡಿಯವರು ಏನೇ ಹೆಸರು ಹೇಳಲಿ, ಈ ಒಂದು ಗುರುತು ನೋಡಿಕೊಳ್ಳಿ.

ಹಂಗರಿ, ಆಸ್ಟ್ರಿಯಾ, ಬಾಲ್ಕನ್ ಕಡೆಯ ಐರಿಸ್ ವೇರಿಗಾಟಾ ಇದಕ್ಕೆ ತದ್ವಿರುದ್ಧ. ಕುಳ್ಳು ಗಿಡ, ಹಳದಿ ಹೂ, ಇಳಿಬಿದ್ದ ದಳದ ಮೇಲೆ ಕೆಂಪುಕಂದು ಗೆರೆಗಳು. ಪರಿಮಳ ಲೆಕ್ಕಕ್ಕಿಲ್ಲ. ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗಿ ಮಲಗಿಬಿಡುತ್ತದೆ. ಆ ಕಾರಣಕ್ಕೇ ಎಂಥ ಹಿಮಕ್ಕೂ ಜಗ್ಗುವುದಿಲ್ಲ. ಮಿನೆಸೋಟಾದಂಥ ಕಡೆ ಇರುವವರಿಗೆ ಇದರ ರಕ್ತ ಇರುವ ತಳಿಗಳೇ ನಂಬಿಕೆಯವು.

ಜರ್ಮಾನಿಕಾ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹಳೇ ಮನೆಗಳ ಬೇಲಿ ಬದಿಯಲ್ಲಿ, ರಸ್ತೆ ಅಂಚಿನಲ್ಲಿ ಯಾರೂ ನೋಡಿಕೊಳ್ಳದಿದ್ದರೂ ಏಪ್ರಿಲ್-ಮೇನಲ್ಲಿ ಕಡು ನೇರಳೆ ಹೂ ಬಿಡುತ್ತದಲ್ಲ, ಅದೇ. ಹೆಸರಿನಲ್ಲಿ ಜರ್ಮನಿ ಇದ್ದರೂ ಕಾಡಿನಲ್ಲಿ ತಾನಾಗಿ ಹುಟ್ಟಿದ ಊರು ಇದಕ್ಕಿಲ್ಲ, ಇದು ಹಳೇ ಕಾಲದ ಒಂದು ಸಂಕರ. ಬೀಜ ಕಟ್ಟುವುದು ಅಪರೂಪ, ಜನ ಗೆಡ್ಡೆ ಹಂಚಿಕೊಂಡೇ ಹಬ್ಬಿದ್ದು. ನೆರೆಯವರ ಹತ್ತಿರ ಕೇಳಿದರೆ ಬಿಟ್ಟಿ ಸಿಗುವ ಗಿಡ ಇದು, ದುಡ್ಡು ಕೊಟ್ಟು ತರಬೇಡಿ.

ಈಗ ಆ ಎರಡು ಬಿಳಿಗಳ ವಿಷಯ. ಜನ ತುಂಬಾ ಗೊಂದಲ ಮಾಡಿಕೊಳ್ಳುವುದು ಇಲ್ಲೇ, ಮಾರುವವರೂ ಎಷ್ಟೋ ಸಲ ಒಂದರ ಹೆಸರಲ್ಲಿ ಇನ್ನೊಂದನ್ನು ಕಳಿಸಿಬಿಡುತ್ತಾರೆ. ಒಂದು ಫ್ಲೊರೆಂಟೀನಾ, ಇನ್ನೊಂದು ಆಲ್ಬಿಕನ್ಸ್. ಫ್ಲೊರೆಂಟೀನಾ ಇಟಲಿಯ ಫ್ಲಾರೆನ್ಸ್ ಜೊತೆ ಸೇರಿಕೊಂಡ ಹೂ. ಗೆಡ್ಡೆಯನ್ನು ಸಿಪ್ಪೆ ತೆಗೆದು ಒಣಗಿಸಿ ವರ್ಷಗಟ್ಟಲೆ ಇಟ್ಟರೆ ಅದರಲ್ಲಿ ವಯಲೆಟ್ ಹೂವಿನ ಪರಿಮಳ ಹುಟ್ಟುತ್ತದೆ. ಓರಿಸ್ ಬೇರು ಅಂತ ಸುಗಂಧದ್ರವ್ಯದವರು ಕೊಳ್ಳುವುದು ಇದನ್ನೇ, ಆದರೆ ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬೆಳೆಯುವುದು ಪಾಲಿಡಾವನ್ನು. ಹಸಿ ಗೆಡ್ಡೆಗೆ ಆ ವಾಸನೆ ಇರುವುದಿಲ್ಲ, ಅಗೆದು ಮೂಸಿ ನೋಡಿ ಬೇಸರ ಮಾಡಿಕೊಳ್ಳಬೇಡಿ. ಆಲ್ಬಿಕನ್ಸ್ ಅರೇಬಿಯಾ, ಯೆಮನ್ ಕಡೆಯದು. ಮುಸ್ಲಿಮರು ಸಮಾಧಿಗಳ ಮೇಲೆ ನೆಡುತ್ತಿದ್ದ ಗಿಡ. ಅವರು ಹೋದ ಕಡೆಯೆಲ್ಲ ಹೋಯಿತು, ಸ್ಪೇನ್ ತಲುಪಿತು, ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಿಗೂ ಬಂತು. ಟೆಕ್ಸಾಸ್‌ನ ಹಳೇ ಸ್ಮಶಾನಗಳಲ್ಲಿ ವಸಂತ ಶುರುವಾಗುವ ಹೊತ್ತಿಗೆ ಅರಳುವ ಬಿಳಿ ಐರಿಸ್ ಇದೇ, ಅಲ್ಲಿ 'ಸಿಮೆಟ್ರಿ ವೈಟ್' ಅಂತಲೇ ಕರೆಯುತ್ತಾರೆ.

ಇವುಗಳನ್ನು ಬೇರೆ ಮಾಡುವುದು ಹೀಗೆ. ಫ್ಲೊರೆಂಟೀನಾ ಹೂ ದೂರಕ್ಕೆ ಬಿಳಿ, ಹತ್ತಿರ ಹೋದರೆ ಮಸುಕಾದ ನೀಲಿ ಛಾಯೆ ಕಾಣುತ್ತದೆ. ಆಲ್ಬಿಕನ್ಸ್ ಶುದ್ಧ ಬಿಳಿ. ದಂಟನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಫ್ಲೊರೆಂಟೀನಾದ ಪಕ್ಕದ ಮೊಗ್ಗುಗಳಿಗೆ ಸಣ್ಣದಾದರೂ ಕವಲು ಇರುತ್ತದೆ, ಆಲ್ಬಿಕನ್ಸ್‌ನಲ್ಲಿ ಮೊಗ್ಗು ದಂಟಿಗೇ ಅಂಟಿಕೊಂಡು ಕೂತಿರುತ್ತದೆ. ಬಿಸಿಲು ಜೋರು, ಚಳಿ ಕಡಿಮೆ ಇರುವ ಊರಾದರೆ ಆಲ್ಬಿಕನ್ಸ್. ಗಟ್ಟಿ ಚಳಿಗಾಲ ಇದ್ದರೆ ಫ್ಲೊರೆಂಟೀನಾ. ಇದನ್ನು ತಿರುವುಮುರುವು ಮಾಡಿ ನೆಟ್ಟರೆ ಆಲ್ಬಿಕನ್ಸ್ ಎಲೆ ಬೇಗ ಚಿಗುರಿ ಹಿಮಕ್ಕೆ ಸುಟ್ಟುಹೋಗುತ್ತದೆ, ಹೂ ಕಾಣುವುದು ಕಷ್ಟ.

ಪ್ಯಾರಿಸ್ಸಿನ ಬೀಜದ ಮಡಿಗಳಿಂದ ಬಂದವು

16ನೇ ಶತಮಾನದ ಕೊನೆಗೆ ವಿಯೆನ್ನಾ, ಆಮೇಲೆ ಲೈಡನ್‌ನಲ್ಲಿ ಕೆಲಸ ಮಾಡಿದ ಕ್ಲೂಸಿಯಸ್ ಅನ್ನುವ ಸಸ್ಯವಿಜ್ಞಾನಿ ಒಂದು ಸಂಗತಿ ಗಮನಿಸಿದ. ಐರಿಸ್ ಬೀಜ ಬಿತ್ತಿದರೆ ತಾಯಿಯಂಥದ್ದೇ ಗಿಡ ಬರುವುದಿಲ್ಲ, ಬಣ್ಣ ಬಣ್ಣವಾಗಿ ಬೇರೆ ಬೇರೆ ಬರುತ್ತವೆ. ಕಾರಣ ಆಗ ಗೊತ್ತಿರಲಿಲ್ಲ. ಪಾಲಿಡಾ ಮತ್ತು ವೇರಿಗಾಟಾ ಒಂದೇ ತೋಟದಲ್ಲಿ ಪಕ್ಕಪಕ್ಕ ಇದ್ದವು, ಜೇನ್ನೊಣ ತನ್ನ ಕೆಲಸ ಮಾಡಿತ್ತು. ಹೀಗೆ ಹುಟ್ಟಿದ ಬೆರಕೆಗಳನ್ನು ಗಿಡಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಲಿನಿಯಸ್ ಸ್ಕ್ವಾಲೆನ್ಸ್, ಸಂಬೂಸಿನಾ ಅಂತ ಬೇರೆ ಪ್ರಭೇದಗಳೆಂದೇ ಹೆಸರಿಟ್ಟ. ಅವೆಲ್ಲ ಈ ಎರಡರ ಮಕ್ಕಳು ಅನ್ನುವುದು ಆಮೇಲೆ ಬಯಲಾಯಿತು.

ಬೀಜ ಬಿತ್ತಿ, ಆರಿಸಿ, ಹೆಸರಿಟ್ಟು ಮಾರುವ ಕೆಲಸ ಶುರುವಾಗಿದ್ದು 19ನೇ ಶತಮಾನದಲ್ಲಿ. ಜರ್ಮನಿಯಲ್ಲಿ ಫಾನ್ ಬೆರ್ಗ್, ಪ್ಯಾರಿಸ್ಸಿನಲ್ಲಿ ಡ ಬ್ಯೂರ್, ನ್ಯೂಯಿಯ ಅರಮನೆ ತೋಟದ ಜಾಕ್. ಇದನ್ನು ವ್ಯಾಪಾರವಾಗಿ ಬೆಳೆಸಿದ್ದು ಪ್ಯಾರಿಸ್ ಪಕ್ಕದ ಬೆಲ್‌ವಿಲ್‌ನಲ್ಲಿ ನರ್ಸರಿ ಇಟ್ಟಿದ್ದ ಲೆಮೋಂ. 1840ರಲ್ಲಿ ಅವನು ಸುಮಾರು 100 ತಳಿಗಳ ಪಟ್ಟಿ ಹೊರಡಿಸಿದ. ಕೈಯಿಂದ ಪರಾಗ ಹಚ್ಚಿದ್ದಲ್ಲ, ಜೇನ್ನೊಣ ಮಾಡಿದ ಬೆರಕೆಯಿಂದಲೇ ಆರಿಸಿದ್ದು. ಆ ಪಟ್ಟಿಯ ಕೆಲವು ಗಿಡಗಳು ಇವತ್ತಿಗೂ ಬದುಕಿವೆ, ಅದೂ ಜೋರಾಗಿ. ಒಂದೇ ಗೆಡ್ಡೆ ತುಂಡು ತುಂಡಾಗಿ ಕೈಯಿಂದ ಕೈಗೆ ಬಂದು 180 ವರ್ಷ ದಾಟಿದೆ ಅಂದರೆ ಅದರ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನನ್ನನ್ನು ಕೇಳಿದರೆ ಹೊಸಬರು ಶುರು ಮಾಡಬೇಕಾದ್ದು ಈ ಗುಂಪಿನಿಂದ.

ಇದರಲ್ಲಿ ಹೆಚ್ಚಾಗಿ ಸಿಗುವವು ಎರಡು. 'ಆನೊರಾಬಿಲೆ', 1840. ವೇರಿಗಾಟಾ ಕಡೆಗೆ ಹೋದ ಗಿಡ. ಮೊಣಕಾಲೆತ್ತರಕ್ಕಿಂತ ಸ್ವಲ್ಪ ಮೇಲೆ, ಮೇಲಿನ ದಳ ಹಳದಿ, ಕೆಳಗಿನದು ಇಟ್ಟಿಗೆಗೆಂಪು ಗೆರೆಗಳಿಂದ ತುಂಬಿದ್ದು. ಹೂ ಚಿಕ್ಕದು, ಆದರೆ ಪೊದೆ ದಪ್ಪವಾದ ಮೇಲೆ ಒಮ್ಮೆಲೇ ಎಷ್ಟು ಬಿಡುತ್ತದೆ ಅಂದರೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. 'ಮದಾಂ ಶೆರೋ', 1844. ಇದು ಪಾಲಿಡಾ ಕಡೆಯದು. ಎತ್ತರದ ದಂಟು, ಬಿಳಿ ದಳ, ಅಂಚಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದ ಹಾಗೆ ಗೆರೆಗಳು, ದಳದ ಅಂಚಿನಲ್ಲಿ ಸಣ್ಣ ಅಲೆ. ನೂರು ವರ್ಷಕ್ಕಿಂತ ಜಾಸ್ತಿ ಕಾಲ ಕ್ಯಾಟಲಾಗ್‌ಗಳಲ್ಲಿ ಉಳಿದ ತಳಿ.

ಎರಡರಲ್ಲಿ ಒಂದು ಅಂದರೆ? ಜಾಗ ಚಿಕ್ಕದು, ದಾರಿಯ ಅಂಚು, ಚಳಿ ಜೋರು, ಇಷ್ಟಿದ್ದರೆ ಆನೊರಾಬಿಲೆ. ಹಿಂದಿನ ಸಾಲಿಗೆ ಎತ್ತರದ್ದು ಬೇಕು, ಹತ್ತಿರ ನಿಂತು ನೋಡುವ ಚೆಲುವು ಬೇಕು ಅಂದರೆ ಮದಾಂ ಶೆರೋ. ನನಗೆ ಎರಡನೆಯದು ಹೆಚ್ಚು ಇಷ್ಟ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಆ ನೀಲಿ ಗೆರೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಇವತ್ತಿನ ದಪ್ಪ ದಳದ ದೊಡ್ಡ ಹೂಗಳಲ್ಲಿ ಬೆಳಕು ಹಾಗೆ ಹಾಯುವುದಿಲ್ಲ.

ಈ ಕಾಲದ ಗಿಡಗಳಿಗೆ ಇನ್ನೊಂದು ಅನುಕೂಲ ಇದೆ, ಅದನ್ನು ಕ್ಯಾಟಲಾಗ್‌ನವರು ಬರೆಯುವುದಿಲ್ಲ. ಹೂ ಹಗುರ. ಹಾಗಾಗಿ ಮಳೆ ಗಾಳಿಗೆ ದಂಟು ಬೀಳುವುದಿಲ್ಲ, ಕೋಲು ಕಟ್ಟಬೇಕಿಲ್ಲ. ಹೊಸ ತಳಿಗಳಲ್ಲಿ ಮೇ ತಿಂಗಳ ಒಂದೇ ಮಳೆಗೆ ಅರ್ಧ ದಂಟುಗಳು ನೆಲ ಹಿಡಿಯುವುದನ್ನು ಯಾರು ನೋಡಿದ್ದಾರೋ ಅವರಿಗೆ ಇದರ ಬೆಲೆ ಗೊತ್ತು.

ಇದೇ ಸಾಲಿನಲ್ಲಿ ಸ್ವಲ್ಪ ಈಚಿನವು ಬೇಕೆಂದರೆ ಜರ್ಮನಿಯ ಗೂಸ್ ಮತ್ತು ಕ್ಯೋನೆಮಾನ್ ನರ್ಸರಿಯ 'ಲೊರೆಲೈ' (1909), 'ರೈನ್ ನಿಕ್ಸೆ' (1910) ನೋಡಿ. ಮೊದಲನೆಯದು ಹಳದಿ-ನೇರಳೆ, ಎರಡನೆಯದು ಬಿಳಿ-ನೇರಳೆ. ಎರಡೂ ಸಾಯಿಸಿದರೂ ಸಾಯದಂಥ ಗಿಡಗಳು.

ಟರ್ಕಿಯಿಂದ ಬಂದ ದೊಡ್ಡ ಹೂಗಳು

ಇಲ್ಲಿ ಕಥೆ ತಿರುಗುತ್ತದೆ. 1880ರ ಹೊತ್ತಿಗೆ ಪಾಲಿಡಾ-ವೇರಿಗಾಟಾ ಬೆರಕೆಯಲ್ಲಿ ಬರಬಹುದಾದ ಬಣ್ಣಗಳು ಹೆಚ್ಚುಕಡಿಮೆ ಬಂದಾಗಿತ್ತು. ಹೂ ಮಾತ್ರ ದೊಡ್ಡದಾಗುತ್ತಿರಲಿಲ್ಲ. ಆಗ ಕೇಂಬ್ರಿಜ್‌ನಲ್ಲಿ ಶರೀರಶಾಸ್ತ್ರದ ಪ್ರೊಫೆಸರ್ ಆಗಿದ್ದ ಸರ್ ಮೈಕೆಲ್ ಫೋಸ್ಟರ್ ಊರ ಹೊರಗೆ ಶೆಲ್ಫರ್ಡ್‌ನ ತಮ್ಮ ತೋಟದಲ್ಲಿ ಐರಿಸ್ ಹುಚ್ಚು ಹಚ್ಚಿಕೊಂಡಿದ್ದರು. ಟರ್ಕಿ, ಸಿರಿಯಾ ಕಡೆ ಇದ್ದ ಮಿಷನರಿಗಳಿಗೆ ಕಾಗದ ಬರೆದು ಗೆಡ್ಡೆ ತರಿಸಿಕೊಳ್ಳುತ್ತಿದ್ದರು. ಹಾಗೆ ಉತ್ತರ ಟರ್ಕಿಯ ಅಮಾಸ್ಯಾ ಪಟ್ಟಣದಿಂದ 1885ರಲ್ಲಿ ಬಂದ ಗಿಡಕ್ಕೆ 'ಅಮಾಸ್' ಅಂತಲೇ ಹೆಸರು. ಹೂ ಆ ಕಾಲದ ಯಾವ ಐರಿಸ್‌ಗಿಂತಲೂ ದೊಡ್ಡದು. ಸೈಪ್ರಸ್, ಟ್ರಾಯ್, ಮೆಸಪೊಟೇಮಿಯಾ ಕಡೆಯಿಂದ ಇಂಥವೇ ಇನ್ನೂ ಕೆಲವು ಬಂದವು.

ದೊಡ್ಡದಾಗಲು ಕಾರಣ ವರ್ಣತಂತುಗಳು. ಪಾಲಿಡಾ, ವೇರಿಗಾಟಾಗಳಲ್ಲಿ 24 ಇದ್ದರೆ ಇವುಗಳಲ್ಲಿ 48. ಫೋಸ್ಟರ್ ಕಾಲದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. 24ರ ಗಿಡಕ್ಕೂ 48ರ ಗಿಡಕ್ಕೂ ಪರಾಗ ಹಚ್ಚಿದರೆ ಬೀಜ ಬರುವುದೇ ಕಷ್ಟ, ಬಂದರೂ ಮಕ್ಕಳು ಹೆಚ್ಚಾಗಿ ಬಂಜೆ. ಅಂಥದ್ದರಲ್ಲೂ ಆಗೊಂದು ಈಗೊಂದು ಒಳ್ಳೆ ಗಿಡ ಬಂತು. ಡೆವನ್‌ನ ಆರ್ಥರ್ ಬ್ಲಿಸ್ ಬೆಳೆಸಿದ 'ಡೊಮಿನಿಯನ್' (1917) ಅಂಥದ್ದೊಂದು. ಕೆಳಗಿನ ದಳ ಕಡು ನೇರಳೆ ಮಖಮಲ್ಲು. ಫ್ರಾನ್ಸಿನ ವಿಲ್ಮೊರಾಂ ಸಂಸ್ಥೆಯಿಂದ 'ಆಲ್ಕಜಾರ್' (1910), 'ಆಂಬಾಸಡ್ಯೂರ್' (1920) ಬಂದವು. ಇವತ್ತಿನ ಎತ್ತರದ ಐರಿಸ್‌ಗಳೆಲ್ಲ ಈ ಗುಂಪಿನ ಮೊಮ್ಮಕ್ಕಳು, ಮರಿಮಕ್ಕಳು.

ಭಾರತದ ಪಾಲು ಇರುವುದೂ ಈ ಅಧ್ಯಾಯದಲ್ಲಿ. ಕಾಶ್ಮೀರ ಕಣಿವೆಯ ಸಮಾಧಿಗಳ ಮೇಲೆ ಬೆಳೆಯುವ ಬಿಳಿ ಐರಿಸ್ ಕಾಶ್ಮೀರಿಯಾನಾಕ್ಕೆ ಬೇಕರ್ ಅನ್ನುವ ಸಸ್ಯವಿಜ್ಞಾನಿ 1877ರಲ್ಲಿ ಹೆಸರಿಟ್ಟ. ಫೋಸ್ಟರ್ ಅದನ್ನು ತಮ್ಮ ಬೆರಕೆಗೆ ಬಳಸಿದರು. ಅವರು 1907ರಲ್ಲಿ ತೀರಿಕೊಂಡ ಮೇಲೆ ಮಾರುಕಟ್ಟೆಗೆ ಬಂದ 'ಕಾಶ್ಮೀರ್ ವೈಟ್' ಆ ಸಾಲಿನದು. ಮುಂದಿನ ಬಿಳಿ ಐರಿಸ್‌ಗಳ ಹಿಂದೆ ಈ ಕಣಿವೆಯ ಹೂ ಇದೆ ಅನ್ನುವುದು ನಮಗೆ ಗೊತ್ತಿರಬೇಕಾದ ವಿಷಯ.

ಕೊಳ್ಳುವವರಿಗೆ ಇದರಿಂದ ಏನು? ದೊಡ್ಡ ಹೂವಿನ ಜೊತೆ ಒಂದು ದೌರ್ಬಲ್ಯವೂ ಬಂತು. ಮೆಸಪೊಟೇಮಿಯಾ, ಸೈಪ್ರಸ್ ಕಡೆ ಬೇಸಿಗೆ ಒಣ, ಮಳೆ ಚಳಿಗಾಲದಲ್ಲಿ. ಹಾಗಾಗಿ ಈ ಗಿಡಗಳು ಬೇಸಿಗೆಯಲ್ಲಿ ಮಲಗಿ ಶರತ್ಕಾಲದಲ್ಲೇ ಚಿಗುರಲು ಶುರುಮಾಡುತ್ತವೆ. ಕ್ಯಾಲಿಫೋರ್ನಿಯಾಗೆ ಹೇಳಿ ಮಾಡಿಸಿದ ಗುಣ. ಇಂಗ್ಲೆಂಡಿನ ಒದ್ದೆ ಚಳಿಗೆ, ಅಮೆರಿಕದ ಈಶಾನ್ಯದ ಹಿಮಕ್ಕೆ ಇದೇ ಗುಣ ಮುಳುವು. ಬೇಗ ಎದ್ದ ಹೂದಂಟು ತಡವಾಗಿ ಬಿದ್ದ ಹಿಮಕ್ಕೆ ಒಳಗೇ ಸತ್ತುಹೋಗುತ್ತದೆ.

ಅಮೆರಿಕದಲ್ಲಿ ಇದು ಎರಡು ದಾರಿಯಾಗಿ ಒಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಮೋರ್, ಅವರು ತೀರಿಕೊಂಡ ಮೇಲೆ ಸಿಡ್ನಿ ಮಿಚೆಲ್, ಈ ಬಿಸಿನಾಡಿನ ರಕ್ತವನ್ನೇ ನಂಬಿ ಎತ್ತರದ, ದೊಡ್ಡ ಹೂಗಳನ್ನು ತಂದರು. 'ಸ್ಯಾನ್ ಫ್ರಾನ್ಸಿಸ್ಕೋ' ಅವರದ್ದು. ಐರಿಸ್ ತಳಿಗಳಿಗೆ ಕೊಡುವ ಅತಿ ದೊಡ್ಡ ಗೌರವ ಡೈಕ್ಸ್ ಪದಕ. 1927ರಲ್ಲಿ ಅಮೆರಿಕದಲ್ಲಿ ಕೊಟ್ಟ ಮೊದಲ ಪದಕ ಅದಕ್ಕೆ ಸಿಕ್ಕಿತು. ನೆಬ್ರಾಸ್ಕಾದ ಬಯಲಿನಲ್ಲಿ ರೈತರಾಗಿದ್ದ ಸ್ಯಾಸ್ ಸೋದರರು, ಹಾನ್ಸ್ ಮತ್ತು ಜೇಕಬ್, ಇನ್ನೊಂದು ದಾರಿ ಹಿಡಿದರು. ಚಳಿಗಾಲದಲ್ಲಿ ಅಲ್ಲಿ ನೆಲವೇ ಗಟ್ಟಿ ಹೆಪ್ಪುಗಟ್ಟುತ್ತದೆ. ಅದನ್ನು ತಾಳದ ಗಿಡ ಅವರ ಹೊಲದಲ್ಲಿ ಉಳಿಯುತ್ತಲೇ ಇರಲಿಲ್ಲ, ಆರಿಸುವ ಕೆಲಸ ಹವೆಯೇ ಮಾಡಿತು. 'ರಾಮ್ಸೆಸ್' (1929), 'ಪ್ರೇರಿ ಸನ್‌ಸೆಟ್' (1939) ಹಾನ್ಸ್ ಅವರದ್ದು, ಎರಡಕ್ಕೂ ಡೈಕ್ಸ್ ಪದಕ ಬಂದಿದೆ. ಪದಕದ ಪಟ್ಟಿ ನೋಡಿ ಗಿಡ ಕೊಳ್ಳುವವರು ಇದನ್ನು ಗಮನಿಸಿ. ಸ್ಯಾನ್ ಫ್ರಾನ್ಸಿಸ್ಕೋ, ರಾಮ್ಸೆಸ್ ಎರಡೂ ಒಂದೇ ಪದಕ ಗೆದ್ದಿವೆ, ಆದರೆ ಶಿಕಾಗೋದ ಹಿತ್ತಲಿಗೆ ಎರಡೂ ಒಂದೇ ಅಲ್ಲ.

ನಿಮ್ಮ ಊರಿಗೆ ಯಾವುದು

ಬೇ ಏರಿಯಾ, ಲಾಸ್ ಏಂಜಲೀಸ್ ಕಡೆಯವರು ಧೈರ್ಯವಾಗಿ ಮೋರ್-ಮಿಚೆಲ್ ಸಾಲಿನ 'ಪುರಿಸ್ಸಿಮಾ' (1927), ಅದರ ಮಗಳು 'ಸ್ನೋ ಫ್ಲರಿ' (1939) ನೆಡಬಹುದು. ಇವತ್ತಿನ ಐರಿಸ್‌ಗಳಲ್ಲಿ ಕಾಣುವ ಸೆರಗಿನಂಥ ಅಲೆಗೆ ಸ್ನೋ ಫ್ಲರಿಯೇ ದೊಡ್ಡ ಮೂಲ. ಡಾಲಸ್, ಆಸ್ಟಿನ್‌ನವರಿಗೆ ಆಲ್ಬಿಕನ್ಸ್ ಮತ್ತು ಹಳೇ ಜರ್ಮಾನಿಕಾ, ಬೇರೆ ಯೋಚನೆಯೇ ಬೇಡ.

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಐರಿಸ್ ಬೋರರ್ ಅನ್ನುವ ಹುಳದ ಕಾಟ ಇದೆ. ಪತಂಗ ಶರತ್ಕಾಲದಲ್ಲಿ ಒಣ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ವಸಂತದಲ್ಲಿ ಮರಿ ಎಲೆಯೊಳಗೆ ಕೊರೆದುಕೊಂಡು ಇಳಿದು ಗೆಡ್ಡೆಯನ್ನು ಒಳಗಿನಿಂದ ತಿನ್ನುತ್ತದೆ, ಆ ಗಾಯದಿಂದ ಕೊಳೆರೋಗ ಹತ್ತಿ ಗೆಡ್ಡೆ ಗಬ್ಬು ನಾರುವ ಮುದ್ದೆಯಾಗುತ್ತದೆ. ಚಳಿಗಾಲಕ್ಕೆ ಮುಂಚೆ ಒಣ ಎಲೆಗಳನ್ನೆಲ್ಲ ಕತ್ತರಿಸಿ ತೆಗೆದುಬಿಡುವುದೇ ಮುಖ್ಯ ಉಪಾಯ. ಈ ಕಡೆಯವರಿಗೆ ಲೆಮೋಂ ಕಾಲದವು, ಲೊರೆಲೈ, ಸ್ಯಾಸ್ ತಳಿಗಳು, ಜೊತೆಗೆ 'ಇಂಡಿಯನ್ ಚೀಫ್' (1929) ಮತ್ತು 'ವಾಬಾಶ್' (1936) ಸರಿ. ವಾಬಾಶ್ ಮೇಲೆ ಬಿಳಿ, ಕೆಳಗೆ ಕಡು ನೇರಳೆ, ಸುತ್ತ ಬಿಳಿ ಅಂಚು. 1940ರ ಡೈಕ್ಸ್ ಪದಕ ಅದಕ್ಕೆ ಬಂದಿದ್ದು ನ್ಯಾಯವೇ. ನ್ಯೂಜೆರ್ಸಿಯಲ್ಲಿದ್ದರೆ ಕೊಳ್ಳುವ ಮುಂಚೆ ಮಾಂಟ್‌ಕ್ಲೇರ್‌ನ ಪ್ರೆಸ್ಬಿ ಐರಿಸ್ ತೋಟಕ್ಕೆ ಮೇ ಕೊನೆಯಲ್ಲಿ ಒಮ್ಮೆ ಹೋಗಿ ಬನ್ನಿ. 1927ರಿಂದ ಇರುವ ತೋಟ. ಹಳೇ ತಳಿಗಳು ಹೊಸವುಗಳ ಹತ್ತಿರದಲ್ಲೇ ಇರುವುದರಿಂದ ಎತ್ತರ, ಗಾತ್ರ, ಪರಿಮಳ ಎಲ್ಲ ಹೋಲಿಸಿ ನೋಡಬಹುದು. ಕ್ಯಾಟಲಾಗ್ ಫೋಟೋ ಪರಿಮಳ ತೋರಿಸುವುದಿಲ್ಲವಲ್ಲ.

ಬ್ರಿಟನ್ನಿನವರಿಗೆ ಪಾಲಿಡಾ ಡಾಲ್ಮಾಟಿಕಾ ಮೊದಲು. ಆಮೇಲೆ ಇಷ್ಟವಿದ್ದರೆ ಚಿತ್ರಕಾರ ಸೆಡ್ರಿಕ್ ಮಾರಿಸ್ ಸಫೋಕ್‌ನ ಬೆಂಟನ್ ಎಂಡ್‌ನಲ್ಲಿ ಬೆಳೆಸಿದ, ಬೆಂಟನ್ ಅಂತ ಹೆಸರು ಶುರುವಾಗುವ ತಳಿಗಳು. ಕಾಲದಲ್ಲಿ ಸ್ವಲ್ಪ ಈಚಿನವು, ಬಣ್ಣಗಳು ಮಾತ್ರ ಬೇರೆಲ್ಲೂ ಸಿಗದ ಮಾಸಲು ಗುಲಾಬಿ, ಬೂದಿನೇರಳೆ. ಅಲ್ಲಿನ ಹವೆಯಲ್ಲೇ ಹುಟ್ಟಿದವು ಅನ್ನುವುದು ಅವುಗಳ ಬಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿಗೆ ನೇರವಾಗಿ ಹೇಳುತ್ತೇನೆ. ಗಡ್ಡದ ಐರಿಸ್ ಬೇಡ. ಅದಕ್ಕೆ ಬೇಕಾದ ಚಳಿ ನಮ್ಮಲ್ಲಿ ಇಲ್ಲ, ಬೇಸಿಗೆಯಲ್ಲಿ ಒಣಗಿ ಮಲಗಬೇಕಾದ ಹೊತ್ತಿಗೆ ನಮ್ಮಲ್ಲಿ ಮುಂಗಾರು ಹೊಡೆಯುತ್ತದೆ, ಗೆಡ್ಡೆ ಕೊಳೆಯುತ್ತದೆ. ಐರಿಸ್ ಕುಟುಂಬದ ಗಿಡವೇ ಬೇಕು ಅಂದರೆ ಐರಿಸ್ ಡೊಮೆಸ್ಟಿಕಾ ಇದೆ. ಬೆಲಾಮ್‌ಕಾಂಡಾ ಅಂತ ನರ್ಸರಿಗಳಲ್ಲಿ ಇನ್ನೂ ಹಳೇ ಹೆಸರು ಓಡುತ್ತದೆ, 2005ರಲ್ಲಿ ಐರಿಸ್ ಜೊತೆ ಸೇರಿಸಿದರು. ಬೀಸಣಿಗೆಯಂಥ ಎಲೆ, ಕಿತ್ತಳೆ ಹೂವಿನ ಮೇಲೆ ಕೆಂಪು ಚುಕ್ಕೆ, ಕಾಯಿ ಒಡೆದರೆ ಹೊಳೆಯುವ ಕಪ್ಪು ಬೀಜದ ಗೊಂಚಲು. ಬೀಜದಿಂದಲೇ ಬೆಳೆಸಬಹುದು. ನಮ್ಮ ಹವೆ ಇದಕ್ಕೆ ಒಗ್ಗುತ್ತದೆ.

ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಗೆಡ್ಡೆ ಹಾಕಿಕೊಂಡು ಬರೋಣ ಅನ್ನುವವರು ದಯವಿಟ್ಟು ಹಾಗೆ ಮಾಡಬೇಡಿ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ನೆಡುವ ಗೆಡ್ಡೆ ಭಾರತಕ್ಕೆ ತರಲು ಆಮದು ಪರವಾನಗಿಯೂ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಬೋರರ್ ಮರಿ ಗೆಡ್ಡೆಯೊಳಗೆ ಅವಿತಿರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಕೊಳ್ಳುವಾಗ, ನೆಡುವಾಗ

ಹೆಸರು, ಬೆಳೆಸಿದವರು, ವರ್ಷ. ಈ ಮೂರೂ ಇಲ್ಲದೆ ಸುಮ್ನೆ 'ಹಳೇ ನೇರಳೆ ಐರಿಸ್' ಅಂತ ಮಾರುವವರ ಹತ್ತಿರ ಜಾಸ್ತಿ ದುಡ್ಡು ಕೊಡಬೇಡಿ. ಹೆಸರಿಲ್ಲದ ಗಿಡ ಚೆನ್ನಾಗಿಲ್ಲ ಅಂತಲ್ಲ, ಹಿತ್ತಲಿಗೆ ಅದೂ ಒಳ್ಳೆಯದೇ, ಆದರೆ ಅದರ ಬೆಲೆ ಬೇರೆ. ಹೆಸರು ಹೇಳಿ ಕೊಟ್ಟರೆ ಅಮೆರಿಕನ್ ಐರಿಸ್ ಸೊಸೈಟಿಯ ಆನ್‌ಲೈನ್ ವಿಶ್ವಕೋಶದಲ್ಲಿ ಹೂವಿನ ವಿವರ ಹುಡುಕಿ ತಾಳೆ ನೋಡಿ. ಬಣ್ಣಕ್ಕಿಂತ ಎತ್ತರ, ಅರಳುವ ಸಮಯ, ಗಡ್ಡದ ಬಣ್ಣ, ಎಲೆಯ ಬುಡದಲ್ಲಿ ನೇರಳೆ ಛಾಯೆ ಇದೆಯೇ ಅನ್ನುವುದು ಹೆಚ್ಚು ನಂಬಿಕೆಯ ಗುರುತುಗಳು. ಫೋಟೋದಲ್ಲಿ ಬಣ್ಣ ಕ್ಯಾಮೆರಾಕ್ಕೊಂದು ಥರ ಬರುತ್ತದೆ. ಹಿಸ್ಟಾರಿಕ್ ಐರಿಸ್ ಸೊಸೈಟಿಯವರು ಪ್ರತಿ ಬೇಸಿಗೆಯಲ್ಲಿ ಗೆಡ್ಡೆ ಮಾರಾಟ ಇಡುತ್ತಾರೆ. ಹೆಸರಿನ ಬಗ್ಗೆ ಅವರಷ್ಟು ಕಾಳಜಿ ಇರುವವರು ಕಡಿಮೆ, ದುಡ್ಡೂ ತಳಿ ಉಳಿಸುವ ಕೆಲಸಕ್ಕೇ ಹೋಗುತ್ತದೆ. ಬ್ರಿಟನ್‌ನಲ್ಲಾದರೆ ಹಳೇ ತೋಟದ ಗಿಡಗಳನ್ನು ಉಳಿಸುವ ಪ್ಲಾಂಟ್ ಹೆರಿಟೇಜ್ ಸಂಸ್ಥೆಯ ನ್ಯಾಷನಲ್ ಕಲೆಕ್ಷನ್ (ಒಂದೊಂದು ಗಿಡದ ಗುಂಪಿನ ಸಂಗ್ರಹ) ಇಟ್ಟುಕೊಂಡವರನ್ನು ಕೇಳಬಹುದು.

ನೆಡುವುದು ಜುಲೈನಿಂದ ಸೆಪ್ಟೆಂಬರ್ ಒಳಗೆ. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು, ನೀರು ನಿಲ್ಲದ ಜಾಗ. ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಗೆಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಕಡೆ ಇಳಿಬಿಟ್ಟು ಮಣ್ಣು ಒತ್ತಿ. ಗೆಡ್ಡೆಯ ಬೆನ್ನು ಕಾಣುತ್ತಿರಲಿ. ಬಿಸಿಲು ತುಂಬಾ ಜೋರಿರುವ ಟೆಕ್ಸಾಸ್‌ನಂಥ ಕಡೆ ಮಾತ್ರ ಮೇಲೆ ತೆಳುವಾಗಿ ಒಂದು ಪದರ ಮಣ್ಣು ಎಳೆಯಿರಿ. ಜನ ಪ್ರೀತಿಯಿಂದ ಆಳಕ್ಕೆ ಹೂತು, ಮೇಲೆ ಗೊಬ್ಬರ, ಎಲೆ ಮುಚ್ಚಿ, ದಿನಾ ನೀರು ಹಾಕುತ್ತಾರೆ. ಗಡ್ಡದ ಐರಿಸ್ ಆ ಉಪಚಾರಕ್ಕೇ ಕೊಳೆಯುತ್ತದೆ.

ಮೂರು ನಾಲ್ಕು ವರ್ಷಕ್ಕೆ ಪೊದೆ ಇಕ್ಕಟ್ಟಾಗಿ ನಡುವೆ ಹೂ ಕಡಿಮೆಯಾದಾಗ ಅಗೆದು, ಹೂ ಬಿಟ್ಟ ಹಳೇ ನಡುಭಾಗ ಬಿಸಾಕಿ, ಸುತ್ತಲ ಹೊಸ ಕವಲುಗಳನ್ನು ಮಾತ್ರ ಬೇರೆ ಮಾಡಿ ನೆಡಿ. ಮಿಕ್ಕಿದ್ದನ್ನು ಹಂಚಿ. ಹಂಚುವಾಗ ತಳಿಯ ಹೆಸರನ್ನು ಎಲೆಯ ಮೇಲೇ ಮಾರ್ಕರ್ ಪೆನ್ನಿನಲ್ಲಿ ಬರೆದುಕೊಡಿ, ಚೀಟಿ ಕಳೆದುಹೋಗುತ್ತದೆ. ವರ್ಷವನ್ನೂ ಬರೆಯಿರಿ.